ಮನೆಯ ವಿಡಿಯೋ: ಕತ್ತರಿಯಿಂದ ಕೇಬಲ್‌ವರೆಗೆ

"ಮನೇಲೇ ವಿಡಿಯೋ ಮಾಡ್ಬೇಕು, ಯಾವ ಕ್ಯಾಮೆರಾ ತಗೊಳ್ಳಲಿ?" ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುತ್ತೇನೆ: "ತೆಗೆದದ್ದನ್ನು ಕತ್ತರಿಸುವುದು ಯಾವುದರಲ್ಲಿ? ಇಪ್ಪತ್ತು ವರ್ಷದ ಮೇಲೆ ನೋಡುವುದು ಯಾವುದರಲ್ಲಿ?" ಕೇಳಿದವರಿಗೆ ಇದು ತಲೆಹರಟೆ ಅನ್ನಿಸುತ್ತೆ. ಆದರೆ ಈ ನೂರು ವರ್ಷದ ಕಥೆ ತೆಗೆದು ನೋಡಿ, ಕ್ಯಾಮೆರಾ ಕೊಂಡವರು ಸಿಕ್ಕಿಹಾಕಿಕೊಂಡದ್ದು ಈ ಎರಡು ಕಡೆಯೇ.

ಕಥೆ ಶುರುವಾಗುವುದು ಫಿಲ್ಮಿನಿಂದ. 1922ರಲ್ಲಿ ಫ್ರಾನ್ಸಿನ ಪಾತೆ ಕಂಪನಿ 9.5 ಮಿ.ಮೀ. ಫಿಲ್ಮನ್ನೂ, 1923ರಲ್ಲಿ ಅಮೆರಿಕದ ಕೊಡಾಕ್ 16 ಮಿ.ಮೀ. ಫಿಲ್ಮನ್ನೂ ಮನೆಮಂದಿಗಾಗಿ ತಂದವು. ಸಿನೆಮಾದವರು ಆಗ ಬಳಸುತ್ತಿದ್ದ ನೈಟ್ರೇಟ್ ಫಿಲ್ಮಿಗೆ ಬೆಂಕಿ ತಗುಲಿದರೆ ಭಗ್ಗನೆ ಉರಿಯುತ್ತಿತ್ತು. ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವುದುಂಟೇ? ಹಾಗಾಗಿ ಇವು 'ಸೇಫ್ಟಿ ಫಿಲ್ಮ್'. ನೆಗೆಟಿವ್, ಪ್ರಿಂಟ್ ಎಂಬ ರಗಳೆಯೂ ಇರಲಿಲ್ಲ, ಕ್ಯಾಮೆರಾದಲ್ಲಿ ಓಡಿದ ಫಿಲ್ಮೇ ತೊಳೆದು ಬಂದ ಮೇಲೆ ಪ್ರೊಜೆಕ್ಟರಿನಲ್ಲೂ ಓಡುತ್ತಿತ್ತು.

ಆದರೂ ದುಬಾರಿಯೇ. 1932ರಲ್ಲಿ, ಅಮೆರಿಕದಲ್ಲಿ ಜನ ಕೆಲಸ ಕಳೆದುಕೊಂಡು ಕೂತಿದ್ದ ಕಾಲದಲ್ಲಿ, ಕೊಡಾಕ್‌ನವರು ಒಂದು ಜಾಣತನ ಮಾಡಿದರು. 16 ಮಿ.ಮೀ. ಫಿಲ್ಮಿನ ಅರ್ಧ ಅಗಲದಲ್ಲಿ ಮಾತ್ರ ಚಿತ್ರ ಮೂಡಿಸುವುದು. 25 ಅಡಿ ಮುಗಿದಾಗ ಸುರುಳಿ ತಿರುವಿ ಹಾಕಿ ಉಳಿದರ್ಧದಲ್ಲಿ ತೆಗೆಯುವುದು. ಲ್ಯಾಬಿನಲ್ಲಿ ತೊಳೆದಾದ ಮೇಲೆ ಉದ್ದಕ್ಕೆ ಸೀಳಿ, ತುದಿಗೆ ತುದಿ ಜೋಡಿಸಿ ಕೊಡುವುದು. ಅದೇ 8 ಮಿ.ಮೀ. ಒಂದು ಸುರುಳಿಗೆ ಸುಮಾರು ನಾಲ್ಕು ನಿಮಿಷ, ಅಷ್ಟೇ! 1963ರಲ್ಲಿ ಡಲ್ಲಾಸ್‌ನಲ್ಲಿ ಕೆನಡಿ ಹತ್ಯೆಯ 26 ಸೆಕೆಂಡಿನ ದೃಶ್ಯವನ್ನು ಬಟ್ಟೆ ವ್ಯಾಪಾರಿ ಅಬ್ರಹಾಂ ಝಾಪ್ರುಡರ್ ಸೆರೆಹಿಡಿದದ್ದು ಇಂಥ ಮನೆಯ ಕ್ಯಾಮೆರಾದಲ್ಲೇ. 1965ರ ಸೂಪರ್ 8ರಲ್ಲಿ ಸುರುಳಿ ತಿರುವುವ ಕೆಲಸವೂ ತಪ್ಪಿತು, ಕಾರ್ಟ್ರಿಜ್ ತುರುಕಿದರೆ ಆಯಿತು.

ನನಗೆ ಈ ಕಾಲದ ಬಗ್ಗೆ ಸ್ವಲ್ಪ ಹೊಟ್ಟೆಕಿಚ್ಚು. ಎಡಿಟಿಂಗ್ ಅಂದರೆ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡುವುದು, ಬೇಡದ್ದನ್ನು ಕತ್ತರಿಸುವುದು, ಅಂಟಿಸುವುದು. ಸಾಫ್ಟ್‌ವೇರೂ ಬೇಡ, ಅಪ್‌ಡೇಟೂ ಬೇಡ :) ಮೂರು ನಿಮಿಷಕ್ಕೆ ಇಷ್ಟು ದುಡ್ಡು ಅಂತ ಗೊತ್ತಿದ್ದವರು ಗುಂಡಿ ಒತ್ತುವ ಮೊದಲು ಯೋಚಿಸುತ್ತಿದ್ದರು ಕೂಡ.

ಟೇಪ್ ಬಂದದ್ದೇ ಎಲ್ಲ ತಲೆಕೆಳಗಾಯಿತು. 1983ರಲ್ಲಿ ಸೋನಿಯ ಬೀಟಾಮೂವಿ ಬಂತು. ಅದರಲ್ಲಿ ರೆಕಾರ್ಡ್ ಮಾಡಬಹುದಿತ್ತು, ಮಾಡಿದ್ದನ್ನು ಅದರಲ್ಲೇ ನೋಡುವ ಹಾಗಿರಲಿಲ್ಲ! 1984ರಲ್ಲಿ ಜೆವಿಸಿಯ ಪುಟ್ಟ ಕ್ಯಾಸೆಟ್ಟಿನ ಕ್ಯಾಮೆರಾ ('ಬ್ಯಾಕ್ ಟು ದ ಫ್ಯೂಚರ್' ಸಿನೆಮಾದಲ್ಲಿ ಹುಡುಗನ ಕೈಯಲ್ಲಿರುತ್ತದಲ್ಲ, ಅದು), 1985ರಲ್ಲಿ ವಿಡಿಯೋ 8. ತೆಗೆಯುವುದು ಅಗ್ಗವಾಯಿತು, ಕತ್ತರಿಸುವುದು ಕಷ್ಟವಾಯಿತು. ಟೇಪನ್ನು ಬೆಳಕಿಗೆ ಹಿಡಿದರೆ ಏನೂ ಕಾಣುವುದಿಲ್ಲ. ಎರಡು ವಿಸಿಆರ್ ಜೋಡಿಸಿ, ಒಂದರಲ್ಲಿ ಪ್ಲೇ, ಇನ್ನೊಂದರಲ್ಲಿ ರೆಕಾರ್ಡ್ ಒತ್ತಿ, ಬೇಡದ ಕಡೆ ಪಾಸ್ ಒತ್ತುತ್ತಾ ಕೂರಬೇಕು. ನಕಲಿನ ನಕಲು ಮಾಡಿದಷ್ಟೂ ಬಣ್ಣ ಸೋರಿ, ಮುಖಗಳು ಕಲಸಿಹೋಗುತ್ತಿದ್ದವು. ನಮ್ಮ ಕಡೆಯ ಮದುವೆ ಕ್ಯಾಸೆಟ್ಟುಗಳಲ್ಲಿ ಊಟದ ಪಂಕ್ತಿ ಈ ತುದಿಯಿಂದ ಆ ತುದಿಯವರೆಗೆ ಒಂದೆಲೆಯೂ ಬಿಡದೆ ಇರುತ್ತದಲ್ಲ, ಅದರ ಹಿಂದೆ ಈ ಕಷ್ಟವೂ ಇತ್ತು ಅಂತ ನನ್ನ ಅನುಮಾನ.

ಅಮೆರಿಕದಿಂದ ಅಣ್ಣನೋ ಭಾವನೋ ಕ್ಯಾಮ್‌ಕಾರ್ಡರ್ ತಂದರೆ ಇನ್ನೊಂದು ಫಜೀತಿ. ಅಲ್ಲಿಯದು ಎನ್‌ಟಿಎಸ್‌ಸಿ, 525 ಗೆರೆ. ಇಲ್ಲಿಯದು ಪಾಲ್, 625 ಗೆರೆ. ಮಲ್ಟಿ ಸಿಸ್ಟಮ್ ವಿಸಿಆರ್ ಇಲ್ಲದ ಮನೆಯಲ್ಲಿ ಮೊಮ್ಮಗುವಿನ ಹುಟ್ಟುಹಬ್ಬದ ಕ್ಯಾಸೆಟ್ ಹಾಕಿದರೆ ಟಿವಿಯಲ್ಲಿ ಮಗುವಿನ ಬದಲು ಉರುಳುವ ಪಟ್ಟೆಗಳು ಕಾಣುತ್ತಿದ್ದವು.

1995ರಲ್ಲಿ ಬಂದ ಡಿವಿ ಈ ಗಂಟನ್ನು ಬಿಡಿಸಿತು. ಚಿತ್ರ ಅಂಕಿಗಳ ರೂಪದಲ್ಲಿ ಟೇಪಿನ ಮೇಲೆ. ಫೈರ್‌ವೈರ್ ಎಂಬ ಕೇಬಲ್ ಸಿಕ್ಕಿಸಿದರೆ ಅದೇ ಅಂಕಿಗಳು ಕಂಪ್ಯೂಟರಿಗೆ. ನಕಲಿಗೂ ಮೂಲಕ್ಕೂ ವ್ಯತ್ಯಾಸವಿಲ್ಲ. ಆಪಲ್ 1999ರಲ್ಲಿ ಐಮ್ಯಾಕ್ ಡಿವಿ ಜೊತೆ ಐಮೂವಿ ಕೊಟ್ಟಿತು. ತಮಾಷೆ ನೋಡಿ: ಒಂದು ಗಂಟೆಯ ಡಿವಿಗೆ ಸುಮಾರು 13 ಜಿಬಿ ಬೇಕು, ಆ ಯಂತ್ರದ ಡಿಸ್ಕ್ ಇದ್ದದ್ದು 10 ಜಿಬಿ! ಮೈಕ್ರೋಸಾಫ್ಟ್ 2000ದಲ್ಲಿ ವಿಂಡೋಸ್ ಮಿಲೆನಿಯಮ್ ಜೊತೆ ಮೂವೀ ಮೇಕರ್ ತಂದಿತು.

ಕ್ಯಾಮೆರಾದ ಚಿಂತೆ ಮುಗಿಯಿತು ಅನ್ನುವಾಗ ಸಾಫ್ಟ್‌ವೇರಿನ ಚಿಂತೆ ಶುರು. ಮೂವೀ ಮೇಕರಿನಲ್ಲಿ ಸೇವ್ ಮಾಡಿದ ಪ್ರಾಜೆಕ್ಟ್ ಫೈಲಿನೊಳಗೆ ವಿಡಿಯೋ ಇರುವುದಿಲ್ಲ, ಯಾವ ತುಣುಕು ಎಲ್ಲಿದೆ ಎಂಬ ಪಟ್ಟಿ ಮಾತ್ರ. ತುಣುಕು ಅಳಿಸಿದರೆ ಆ ಫೈಲು ಖಾಲಿ ಡಬ್ಬ. 2017ರಲ್ಲಿ ಮೂವೀ ಮೇಕರೇ ನಿಂತುಹೋಯಿತು. ದುಡ್ಡು ಕೊಟ್ಟು ಕೊಂಡವರ ಗತಿಯೂ ದೊಡ್ಡದೇನಲ್ಲ. 2011ರಲ್ಲಿ ಬಂದ ಫೈನಲ್ ಕಟ್ ಪ್ರೊ ಹತ್ತು, ಹಿಂದಿನ ಆವೃತ್ತಿಯ ಪ್ರಾಜೆಕ್ಟುಗಳನ್ನು ತೆರೆಯಲೇ ಇಲ್ಲ. ಹಾಗಾಗಿ ಸಾಫ್ಟ್‌ವೇರ್ ಆರಿಸುವಾಗ ಅದರಲ್ಲಿ ಎಷ್ಟು ಟ್ರಾನ್ಸಿಶನ್ ಇದೆ ಅಂತ ನಾನು ಎಣಿಸುವುದಿಲ್ಲ. ಶಾಟ್‌ಕಟ್, ಕೆಡೆನ್‌ಲೈವ್ ಥರದ ಮುಕ್ತ ತಂತ್ರಾಂಶಗಳೋ, ಡವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯೋ ಮನೆಯ ಕೆಲಸಕ್ಕೆ ಧಾರಾಳ ಸಾಕು. ಎಡಿಟ್ ಮುಗಿದ ದಿನವೇ ಪೂರ್ತಿ ವಿಡಿಯೋವನ್ನು ಎಂಪಿ4 ಆಗಿ ತೆಗೆದು, ಮೂಲ ತುಣುಕುಗಳ ಜೊತೆ ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಇಡಿ. ಕ್ಯಾಮೆರಾ? ಕೈಯಲ್ಲಿರುವ ಫೋನೇ ಆಗಬಹುದು. ಮಿಕ್ಕ ದುಡ್ಡಲ್ಲಿ ಕಾಲರಿಗೆ ಸಿಕ್ಕಿಸುವ ಮೈಕ್ ತಗೊಳ್ಳಿ. ಚಿತ್ರ ಮಸುಕಾದರೆ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ.

ಅಂದ ಹಾಗೆ, ಬೀರುವಿನಲ್ಲಿ ಹಳೇ ಟೇಪುಗಳಿದ್ದರೆ ಹೊಸ ಕ್ಯಾಮೆರಾಕ್ಕಿಂತ ಮೊದಲು ಅದನ್ನು ನೋಡಿ. ಜಪಾನಿನ ಫುನಾಯ್ ಕಂಪನಿ ವಿಎಚ್‌ಎಸ್ ವಿಸಿಆರ್ ತಯಾರಿಕೆಯನ್ನು 2016ರ ಜುಲೈನಲ್ಲಿ ನಿಲ್ಲಿಸಿತು, ಆಮೇಲೆ ಹೊಸದು ಮಾಡುವವರಿಲ್ಲ. 2025ರ ಮ್ಯಾಕ್‌ಓಎಸ್ ಟಾಹೋದಲ್ಲಿ ಫೈರ್‌ವೈರ್ ಬೆಂಬಲವನ್ನೇ ಆಪಲ್ ಕಿತ್ತುಹಾಕಿತು. ನಮ್ಮ ಮನೆಯಲ್ಲಿ ಅಜ್ಜಿ ಮಾತಾಡುವ ಮಿನಿ ಡಿವಿ ಟೇಪುಗಳು ಹನ್ನೊಂದಿವೆ. ಅವಕ್ಕಾಗಿ ಒಂದು ಹಳೇ ಲ್ಯಾಪ್‌ಟಾಪು, ಒಂದು ಹಳೇ ಕ್ಯಾಮ್‌ಕಾರ್ಡರು, ಆ ಕೇಬಲ್ಲು, ಮೂರನ್ನೂ ಒಂದೇ ಚೀಲದಲ್ಲಿ ಇಟ್ಟಿದ್ದೇನೆ. ಈವರೆಗೆ ಏಳು ಟೇಪು ಇಳಿಸಿ ಆಗಿದೆ, ಇನ್ನು ನಾಲ್ಕು ಬಾಕಿ.