ನಾರುಹುಣ್ಣು ಹೋಯ್ತು, ಫ್ಲೋರೈಡ್ ಯಾಕೆ ಹೋಗ್ಲಿಲ್ಲ?

ಈ ಸಂಚಿಕೆಯ ಇತಿಹಾಸ ಒಂದು ಕೊಡ ನೀರಿನದು.

ರಾಯಚೂರು ಜಿಲ್ಲೆ, ಸಿಂಧನೂರು ತಾಲೂಕಿನ ತುರ್ವಿಹಾಳ ಗೊತ್ತಲ್ಲ? ಈ ಸೀಮೆಯಲ್ಲಿ ನೀರಿಗೆ ಎರಡು ಮುಖ. ಸಿಂಧನೂರಿನ ಕಡೆ ಹೊರಟರೆ ತುಂಗಭದ್ರಾ ಎಡದಂಡೆ ಕಾಲುವೆ, ಭತ್ತದ ಗದ್ದೆ, ರೈಸ್ ಮಿಲ್ಲು. ಮಸ್ಕಿ, ಲಿಂಗಸುಗೂರಿನ ಕಡೆ ಹೊರಟರೆ ಎಷ್ಟೋ ಊರುಗಳಲ್ಲಿ ಮಳೆ ಬಂದ್ರೆ ಬೆಳೆ, ಬೋರು ಕೊಟ್ರೆ ನೀರು.

ಉತ್ತರ ಕರ್ನಾಟಕದ ಇಂಥ ಸೀಮೆಗಳಲ್ಲಿ ನೀರಿನಿಂದ ಬರ್ತಿದ್ದ ಒಂದು ರೋಗ ಸಂಪೂರ್ಣ ಹೋಯ್ತು. ಔಷಧಿ ಇರಲಿಲ್ಲ, ಲಸಿಕೆ ಇರಲಿಲ್ಲ, ಆದ್ರೂ ಹೋಯ್ತು. ನೀರಿನಿಂದಲೇ ಬರೋ ಇನ್ನೊಂದು ತೊಂದರೆ ಮಾತ್ರ ಇವತ್ತಿಗೂ ಕೂತಿದೆ. ಅದರ ಬಗ್ಗೆ ವಿಜ್ಞಾನಿಗಳಿಗೆ 1937ರಿಂದಲೂ ಗೊತ್ತು. ಹಾಗಾದ್ರೆ ಒಂದು ಯಾಕೆ ಹೋಯ್ತು, ಇನ್ನೊಂದು ಯಾಕೆ ಉಳೀತು?

ಮೊದಲು ಹೋದ ರೋಗದ ಕಥೆ. ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿ, ಮುತ್ಯಾ ಯಾರಾದ್ರೂ ಇದ್ರೆ "ನಾರುಹುಣ್ಣು ಅಂದ್ರೇನು?" ಅಂತ ಕೇಳಿ ನೋಡಿ. ಕಾಲಿನಲ್ಲಿ ಬೊಕ್ಕೆ ಏಳುತ್ತೆ, ಬೆಂಕಿ ಇಟ್ಟ ಹಾಗೆ ಉರಿಯುತ್ತೆ, ಒಡೆದಾಗ ಒಳಗಿನಿಂದ ಬಿಳಿ ದಾರದಂಥ ಹುಳ ತಲೆ ಹಾಕುತ್ತೆ. ಒಂದು ಮೀಟರ್ ಉದ್ದ ಇರಬಹುದು. ಎಳೆದ್ರೆ ತುಂಡಾಗುತ್ತೆ, ತುಂಡಾದ್ರೆ ಕಾಲು ಕೀವು ಕಟ್ಟುತ್ತೆ. ಹಾಗಾಗಿ ಸಣ್ಣ ಕಡ್ಡಿಗೆ ಸುತ್ತುತ್ತಾ ದಿನಕ್ಕಿಷ್ಟು ಅಂತ ಹೊರಗೆ ತೆಗೀಬೇಕು. ಅಲ್ಲಿವರೆಗೆ ಹೊಲಕ್ಕೆ ಹೋಗೋದಾಗಲ್ಲ. ಕೂಲಿ ಮಾಡೋರ ಮನೆಯಲ್ಲಿ ಒಲೆ ಉರಿಯೋದು ಕಷ್ಟ.

ಇದರ ಮೂಲ ಮೆಟ್ಟಿಲು ಬಾವಿ. ಹುಣ್ಣಾದವರು ನೀರಿಗೆ ಇಳಿದಾಗ ಹುಳ ಸಾವಿರಾರು ಮರಿ ಬಿಡುತ್ತೆ. ಆ ಮರಿಗಳನ್ನು ಸೈಕ್ಲಾಪ್ಸ್ ಅನ್ನೋ, ಕಣ್ಣಿಗೆ ಸರಿಯಾಗಿ ಕಾಣದ ನೀರಿನ ಜೀವಿ ತಿನ್ನುತ್ತೆ. ಆ ನೀರನ್ನು ಕುಡಿದವರ ಮೈಯಲ್ಲಿ ಸುಮಾರು ಒಂದು ವರ್ಷಕ್ಕೆ ಹೊಸ ಹುಳ ಸಿದ್ಧ.

ಭಾರತ ಸರ್ಕಾರ ಇದರ ನಿರ್ಮೂಲನೆಗೆ 1983-84ರಲ್ಲಿ ಕಾರ್ಯಕ್ರಮ ಶುರು ಮಾಡ್ತು. ರೋಗ ಇದ್ದ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೂ ಇತ್ತು. ಇಲ್ಲಿ ಯಾರು ಯಾವ ಕೆಲಸ ಮಾಡಿದ್ರು ಅನ್ನೋದನ್ನ ಸ್ವಲ್ಪ ಗಮನಿಸಿ. ಆರೋಗ್ಯ ಸಿಬ್ಬಂದಿ ಮನೆ ಮನೆ ಸುತ್ತಿ ಹುಣ್ಣು ಯಾರಿಗಿದೆ ಅಂತ ಪಟ್ಟಿ ಮಾಡಿದ್ರು. ಎಂಜಿನಿಯರುಗಳು ಮೆಟ್ಟಿಲು ಬಾವಿಗೆ ಕಟ್ಟೆ ಕಟ್ಟಿ ಹಗ್ಗ ಬಿಟ್ಟು ಸೇದೋ ಬಾವಿ ಮಾಡಿದ್ರು, ಇಲ್ಲಾಂದ್ರೆ ಕೈಪಂಪು ಹಾಕಿದ್ರು. ಹಳ್ಳಿಯ ಕಾರ್ಯಕರ್ತರು ನೀರನ್ನು ದಟ್ಟ ಬಟ್ಟೆಯಲ್ಲಿ ಸೋಸಿ ಕುಡಿಯೋದನ್ನ ಕಲಿಸಿದ್ರು. ಆರೋಗ್ಯ, ಎಂಜಿನಿಯರಿಂಗ್, ಸಮಾಜ ಕಾರ್ಯ ಮೂರೂ ಒಂದೇ ಬಾವಿ ಕಟ್ಟೆ ಮೇಲೆ ಕೂತ ಹಾಗಾಯ್ತು. ದೇಶದ ಕೊನೆಯ ಪ್ರಕರಣ 1996ರ ಜುಲೈನಲ್ಲಿ ರಾಜಸ್ಥಾನದಲ್ಲಿ ಸಿಕ್ತು. 2000ನೇ ಇಸವಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ಅಂತ ಘೋಷಿಸಿತು.

ಈಗ ಎರಡನೇ ಕಥೆ. ನಾರುಹುಣ್ಣು ಓಡಿಸಿದ ಅದೇ ಕೈಪಂಪಿನಿಂದ ಇದು ಶುರುವಾಗುತ್ತೆ.

1966-67ರ ದೊಡ್ಡ ಬರದ ಹೊತ್ತಿಗೆ ಗಟ್ಟಿ ಕಲ್ಲು ಕೊರೆಯೋ ಯಂತ್ರಗಳು ಯುನಿಸೆಫ್ ನೆರವಿನಿಂದ ಭಾರತಕ್ಕೆ ಬಂದವು. ಆದ್ರೆ ಪಂಪುಗಳು ಪದೇ ಪದೇ ಕೆಡ್ತಿದ್ದವು. ಆಗ ಕಣ್ಣಿಗೆ ಬಿದ್ದದ್ದು ನಮ್ಮ ಗಡಿಯಾಚೆಯ ಸೊಲ್ಲಾಪುರದಲ್ಲಿ ತಯಾರಾಗಿದ್ದ ಗಟ್ಟಿಮುಟ್ಟಾದ ಒಂದು ಪಂಪು. ಅದನ್ನೇ ತಿದ್ದಿ ತೀಡಿ 1970ರ ದಶಕದಲ್ಲಿ ಇಂಡಿಯಾ ಮಾರ್ಕ್ 2 ಕೈಪಂಪು ಮಾಡಿದ್ರು. ನಮ್ಮ ಊರುಗಳಲ್ಲಿ ಶಾಲೆ ಮುಂದೆ, ಗುಡಿ ಮುಂದೆ ನಿಂತಿರೋದು ಅದೇ. ಕಾಲರಾ, ವಾಂತಿಭೇದಿ, ನಾರುಹುಣ್ಣು ಇವೆಲ್ಲದರಿಂದ ದೂರ ಇದ್ದ ನೀರು ಅದು. ಅದು ಉಳಿಸಿದ ಜೀವಗಳಿಗೆ ಲೆಕ್ಕವಿಲ್ಲ.

ಆದ್ರೆ ಬೋರಿನ ನೀರು ಕಲ್ಲಿನ ಸಂದಿಯಲ್ಲಿ ವರ್ಷಗಟ್ಟಲೆ ನಿಂತ ನೀರು. ನಮ್ಮ ದಖ್ಖನ್ನಿನ ಗ್ರಾನೈಟ್ ಕಲ್ಲಿನಲ್ಲಿ ಫ್ಲೋರೈಡ್ ಇರೋ ಖನಿಜಗಳಿವೆ. ಅದು ನೀರಿಗೆ ಇಳಿಯುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ, ಕುದಿಸಿದ್ರೂ ಹೋಗಲ್ಲ. ಭಾರತೀಯ ಮಾನಕದ ಪ್ರಕಾರ ಒಂದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲ ಅಂದ್ರೆ 1.5ರವರೆಗೆ. ಅದಕ್ಕಿಂತ ಹೆಚ್ಚಿನ ನೀರನ್ನು ಮಕ್ಕಳು ಕುಡಿದ್ರೆ ಹಲ್ಲಿನ ಮೇಲೆ ಕಂದು ಗೆರೆ. ಅದಕ್ಕಿಂತ ತುಂಬಾ ಹೆಚ್ಚಿನ ನೀರನ್ನು ಹತ್ತಾರು ವರ್ಷ ಕುಡಿದ್ರೆ ಬೆನ್ನು ಬಗ್ಗದು, ಕುತ್ತಿಗೆ ಹೊರಳದು.

ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಫ್ಲೋರೈಡ್ ನೀರಿನಿಂದ ಮೂಳೆ ಕೆಡೋದನ್ನ ಶಾರ್ಟ್ ಮತ್ತು ಸಂಗಡಿಗರು 1937ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದರು. ಅಂದ್ರೆ ಬೋರು ಕೊರೆಯೋ ಯಂತ್ರ ಬರೋಕೆ 30 ವರ್ಷ ಮುಂಚೆ! ಆದ್ರೆ ಆ ಬರಹ ಇದ್ದದ್ದು ಡಾಕ್ಟರುಗಳ ಕಪಾಟಿನಲ್ಲಿ. ಬೋರು ಕೊರೆಸೋ ಕಡೆ ಮುಖ್ಯವಾಗಿ ನೋಡ್ತಿದ್ದದ್ದು ನೀರು ಬಂತಾ, ಎಷ್ಟು ಇಂಚು ಬಂತು ಅಂತ.

ಬೋರು ಬಿಡಿ, ಕಾಲುವೆ ಬಂತಲ್ಲ ಅಂತ ನೀವು ಕೇಳಬಹುದು. ಅಲ್ಲೂ ಒಂದು ಕಥೆ ಇದೆ.

ತುಂಗಭದ್ರಾ ಅಣೆಕಟ್ಟೆಗೆ 1945ರ ಫೆಬ್ರವರಿ 28ರಂದು ಅಡಿಗಲ್ಲು ಬಿತ್ತು. ಎಡಗಡೆ ನಿಜಾಮರ ಹೈದರಾಬಾದ್ ಸಂಸ್ಥಾನ, ಬಲಗಡೆ ಬ್ರಿಟಿಷರ ಮದ್ರಾಸ್ ಪ್ರಾಂತ್ಯ. 1953ರಲ್ಲಿ ನೀರು ಹರೀತು. 227 ಕಿಲೋಮೀಟರ್ ಉದ್ದದ ಎಡದಂಡೆ ಮುಖ್ಯ ಕಾಲುವೆ ಬರ ಕಂಡ ನಾಡಿಗೆ ಅನ್ನ ತಂತು. ಅದರಲ್ಲಿ ಎರಡು ಮಾತಿಲ್ಲ.

ಆದ್ರೆ ಎಂಜಿನಿಯರುಗಳ ಲೆಕ್ಕ ಬೇರೆಯಿತ್ತು. ಇರೋ ನೀರನ್ನು ಹೆಚ್ಚು ಹೊಲಕ್ಕೆ ತೆಳುವಾಗಿ ಹಂಚಬೇಕು, ಹೆಚ್ಚಿನ ಕಡೆ ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆ ಬೆಳೀಬೇಕು, ಭತ್ತ ಸ್ವಲ್ಪವೇ ಇರಬೇಕು ಅಂತ. ಆಂಧ್ರದ ಕಡೆಯಿಂದ ರೈತ ಕುಟುಂಬಗಳು ಬಂದು ಭೂಮಿ ಕೊಂಡವು. ಇವತ್ತಿಗೂ ಈ ಭಾಗದ ಎಷ್ಟೋ ಊರುಗಳ ಹೆಸರಿನ ಬಾಲದಲ್ಲಿರೋ 'ಕ್ಯಾಂಪ್' ಆ ವಲಸೆಯ ಗುರುತು. ಭತ್ತ ಹಬ್ಬಿತು. ಕಾಲುವೆಯ ಮೇಲ್ಭಾಗದವರಿಗೆ ನೀರು ಹೆಚ್ಚಾಯ್ತು, ಕೆಳಭಾಗದವರಿಗೆ ಕಡಿಮೆಯಾಯ್ತು. ನೆದರ್‌ಲ್ಯಾಂಡ್ಸ್‌ನ ಸಂಶೋಧಕ ಪೀಟರ್ ಮೊಲ್ಲಿಂಗಾ ಇದೇ ಎಡದಂಡೆ ಕಾಲುವೆಯ ಮೇಲೆ ಪಿಎಚ್‌ಡಿ ಮಾಡಿ 1998ರಲ್ಲಿ ಪ್ರಬಂಧ ಕೊಟ್ರು. ಅದರ ಸಾರ ನಮ್ಮ ರೈತರಿಗೆ ಹೊಸದೇನಲ್ಲ: ತೂಬಿನಿಂದ ಎಷ್ಟು ನೀರು ಹೋಗುತ್ತೆ ಅನ್ನೋದನ್ನ ಎಂಜಿನಿಯರ್ ಒಬ್ಬನೇ ತೀರ್ಮಾನ ಮಾಡಲ್ಲ. ಹಣ, ಭೂಮಿ, ರಾಜಕೀಯ ಎಲ್ಲ ಸೇರಿ ಮಾಡ್ತವೆ.

ನೀರು ನಿಂತಲ್ಲಿ ಅಂತರ್ಜಲ ಮೇಲೆ ಬಂತು. ಎರೆ ಭೂಮಿ ಸವಳು-ಜವಳಾಯ್ತು. ಇದು ಬೆಳೆಯ ಸಮಸ್ಯೆ ಅಂತ ಎಲ್ಲರಿಗೂ ಗೊತ್ತಿತ್ತು, ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಅದರ ಮೇಲೆ ಕೆಲಸವನ್ನೂ ಮಾಡ್ತಿದೆ. ಆದ್ರೆ ನೆಲ ಕೆಟ್ಟರೆ ಮನುಷ್ಯರ ಮೂಳೆಗೂ ಸಂಬಂಧ ಇದೆಯಾ? ಆ ಪ್ರಶ್ನೆ ಮೊದಲು ಎದ್ದದ್ದು ನಲ್ಗೊಂಡದ ಕಡೆ. 1956ರವರೆಗೆ ರಾಯಚೂರು, ನಲ್ಗೊಂಡ ಎರಡೂ ಒಂದೇ ಹೈದರಾಬಾದ್ ರಾಜ್ಯದ ಜಿಲ್ಲೆಗಳು. ಎರಡೂ ಕಡೆ ಗ್ರಾನೈಟ್ ಕಲ್ಲು, ಎರಡೂ ಕಡೆ ಜೋಳದ ಊಟ.

ನಲ್ಗೊಂಡ, ನೆಲ್ಲೂರು ಕಡೆಯ ಹಳ್ಳಿಗಳಲ್ಲಿ ಹದಿಹರೆಯದ ಹುಡುಗರ ಮೊಣಕಾಲು ಒಳಕ್ಕೆ ಬಾಗ್ತಿತ್ತು. ನಿಂತ್ರೆ ಮಂಡಿಗಳು ಒಂದಕ್ಕೊಂದು ತಾಗುತ್ತವೆ, ಪಾದಗಳು ದೂರ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ 1973ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದನ್ನು ಫ್ಲೋರೈಡ್ ಬಾಧೆಯ ಹೊಸ ರೂಪ ಅಂತ ವರದಿ ಮಾಡಿದ್ರು. ಮುಂದೆ ಇಂಥ ಪ್ರಕರಣಗಳ ವರದಿಯಲ್ಲಿ ತಮಿಳುನಾಡಿನ ಪರಂಬಿಕುಲಂ-ಆಳಿಯಾರ್ ಪ್ರದೇಶದ ಜೊತೆಗೆ ನಮ್ಮ ಹೊಸಪೇಟೆ ಅಣೆಕಟ್ಟೆಯ ಹೆಸರೂ ಬಂತು.

ಫ್ಲೋರೈಡ್ ಹಳೆಯದು, ಈ ರೂಪ ಮಾತ್ರ ಯಾಕೆ ಹೊಸದು? ಸಂಶೋಧಕರು ಕಟ್ಟಿದ ಸರಪಳಿ ಹೀಗಿದೆ. ಅಣೆಕಟ್ಟೆ, ಕಾಲುವೆಯಿಂದ ಅಂತರ್ಜಲ ಏರುತ್ತೆ. ಮಣ್ಣು ಕ್ಷಾರವಾಗುತ್ತೆ. ಕ್ಷಾರ ಮಣ್ಣಿನಲ್ಲಿ ಬೆಳೆ ಮಾಲಿಬ್ಡಿನಮ್ ಅನ್ನೋ ಲೋಹವನ್ನು ಹೆಚ್ಚು ಹೀರುತ್ತೆ. ಆ ಜೋಳ ಉಂಡವರ ಮೈಯಿಂದ ತಾಮ್ರ ಮೂತ್ರದಲ್ಲಿ ಹೆಚ್ಚು ಹೊರಹೋಗುತ್ತೆ ಅಂತ ಅದೇ ಸಂಸ್ಥೆಯ ದೇವಸ್ಥಳೆ ಮತ್ತು ಸಿ. ಗೋಪಾಲನ್ 1974ರಲ್ಲಿ ತೋರಿಸಿದ್ರು. ತಾಮ್ರ ಇಲ್ಲದೆ ಮೂಳೆ ಗಟ್ಟಿಯಾಗಲ್ಲ. ಅದರ ಮೇಲೆ ಫ್ಲೋರೈಡ್ ಏಟು. ಮೀರತ್‌ನ ತಿಯೋತಿಯಾ ದಂಪತಿಯಂಥ ವೈದ್ಯರು ಮಾತ್ರ ದೊಡ್ಡ ಕಾರಣ ಕ್ಯಾಲ್ಸಿಯಂ ಕೊರತೆ ಅಂದ್ರು. ಚರ್ಚೆ ಇತ್ತು. ಆದ್ರೆ ಒಂದು ಮಾತಿಗೆ ಎರಡೂ ಕಡೆಯವರು ಬಂದ್ರು: ತಟ್ಟೆಯಲ್ಲಿ ಏನಿದೆ ಅಂತ ನೋಡದೆ ನೀರಿನ ರೋಗ ಅರ್ಥವಾಗಲ್ಲ.

ಇದನ್ನ ಕೇಳಿ ರೊಟ್ಟಿ ಬಿಡಬೇಡಿ ಮತ್ತೆ. ತಪ್ಪು ಜೋಳದ್ದಲ್ಲ. ರೊಟ್ಟಿ ಜೊತೆ ಮೊಸರು, ಕಾಳು, ಸೊಪ್ಪು ಇದ್ದ ಮನೆಯ ಮೂಳೆಗೆ ಕಾವಲಿತ್ತು. ಮೂರು ಹೊತ್ತೂ ರೊಟ್ಟಿ-ಖಾರ, ಬಿಸಿಲಲ್ಲಿ ಕೂಲಿ, ದಿನಕ್ಕೆ ಕೊಡಗಟ್ಟಲೆ ಬೋರಿನ ನೀರು ಇದ್ದ ಮನೆಗೆ ಕಾವಲಿರಲಿಲ್ಲ. ಒಂದೇ ಬೋರಿನ ನೀರು ಕುಡಿದ್ರೂ ಎಲ್ಲರ ಮೂಳೆಗೂ ಒಂದೇ ಏಟು ಬೀಳಲ್ಲ.

ಪರಿಹಾರ ಹುಡುಕಲಿಲ್ಲ ಅಂತೇನಿಲ್ಲ. ನಾಗಪುರದ ನೀರಿ ಸಂಸ್ಥೆ 1970ರ ದಶಕದಲ್ಲಿ ಪಟಕ, ಸುಣ್ಣ ಹಾಕಿ ಫ್ಲೋರೈಡ್ ಇಳಿಸೋ ವಿಧಾನ ಕಂಡುಹಿಡೀತು. ಹೆಸರೇ ನಲ್ಗೊಂಡ ವಿಧಾನ. ವಿಜ್ಞಾನ ಸರಿಯಾಗಿತ್ತು. ಆದ್ರೆ ದಿನಾ ಅಳತೆ ಮಾಡಿ ಹಾಕೋರು ಯಾರು? ತಳದಲ್ಲಿ ನಿಂತ ರಾಡಿ ಎಲ್ಲಿ ಚೆಲ್ಲೋದು? ಹೊಲಕ್ಕೆ ಹೋಗೋ ಹೆಣ್ಣುಮಗಳಿಗೆ ಅಷ್ಟು ಹೊತ್ತು ಎಲ್ಲಿದೆ? ಆಮೇಲೆ ನಾಣ್ಯ ಹಾಕಿ ನೀರು ಹಿಡಿಯೋ ಶುದ್ಧ ನೀರಿನ ಘಟಕ ಬಂದವು. ಅವುಗಳ ಫಿಲ್ಟರ್ ಬದಲಿಸೋಕೆ ದುಡ್ಡು, ರಿಪೇರಿಗೆ ಆಳು ಇರೋವರೆಗೆ ನೀರು. ಆಮೇಲೆ ಬೀಗ. ಬೀಗ ಬಿದ್ದ ಘಟಕ ನಿಮ್ಮೂರಲ್ಲೂ ಇರಬಹುದು.

ಇನ್ನೊಂದು ಕಡೆ, ಶಾಲೆಯ ಬಿಸಿಯೂಟ 2002ರಲ್ಲಿ ರಾಯಚೂರು ಸೇರಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲೇ ಮೊದಲು ಶುರುವಾಯ್ತು. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯದ ಹಾಲು ಬಂತು, ಮಗುವಿಗೆ 150 ಮಿಲಿಲೀಟರ್. ಹಾಲು ಅಂದ್ರೆ ಕ್ಯಾಲ್ಸಿಯಂ. ಫ್ಲೋರೈಡ್ ನೀರಿನ ಊರಲ್ಲಿ ಆ ಲೋಟಕ್ಕೆ ಬೇರೆಯೇ ಬೆಲೆ ಇದೆ. ಆದ್ರೆ ಹಾಲಿನ ಲೆಕ್ಕ ಶಿಕ್ಷಣ ಇಲಾಖೆಯಲ್ಲಿ, ನೀರಿನ ಲೆಕ್ಕ ಇನ್ನೊಂದು ಇಲಾಖೆಯಲ್ಲಿ, ಹಲ್ಲಿನ ಕಲೆ ಆಸ್ಪತ್ರೆಯ ರಿಜಿಸ್ಟರಿನಲ್ಲಿ. ಮೂರೂ ಕಾಗದ ಒಂದೇ ಟೇಬಲ್ ಮೇಲೆ ಬಂದ್ರೆ ಯಾವ ಊರಿಗೆ ಏನು ಬೇಕು ಅಂತ ಗೊತ್ತಾಗುತ್ತೆ. ನಾರುಹುಣ್ಣಿನ ಕಾಲದಲ್ಲಿ ಹಾಗೆ ಬಂದಿದ್ದವು. ಅದಕ್ಕೇ ಅದು ಹೋಯ್ತು.

ಹುಳ ಕಣ್ಣಿಗೆ ಕಾಣ್ತಿತ್ತು, ಫ್ಲೋರೈಡ್ ಕಾಣಲ್ಲ. ಹುಳ ಒಂದು ವರ್ಷದಲ್ಲಿ ಹೊರಗೆ ಬರ್ತಿತ್ತು, ಮೂಳೆ ಕೆಡೋಕೆ ಹಲವು ವರ್ಷ ಬೇಕು. ಆ ವ್ಯತ್ಯಾಸ ನಿಜ. ಆದ್ರೆ ಕಾಣದ್ದನ್ನು ಕಾಣಿಸೋದಕ್ಕೇ ಅಲ್ವಾ ಸಂಶೋಧನೆ ಇರೋದು?

ಈಗ ನದಿ ನೀರನ್ನೇ ನಲ್ಲಿಗೆ ತರೋ ಯೋಜನೆಗಳು ನಡೀತಿವೆ. ಒಳ್ಳೆಯದು. ಆದ್ರೆ 2024ರ ಆಗಸ್ಟ್ 10ರ ರಾತ್ರಿ ನೆನಪಿಸಿಕೊಳ್ಳಿ. ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯ್ತು. ಎಷ್ಟು ಟಿಎಂಸಿ ಹೋಯ್ತು, ಎರಡನೇ ಬೆಳೆ ಏನಾಗುತ್ತೆ ಅಂತ ನಾವೆಲ್ಲ ಮಾತಾಡಿದ್ವಿ. ಕಾಲುವೆ ಒಣಗಿದ್ರೆ ಕೆರೆ ಒಣಗುತ್ತೆ, ಕೆರೆ ಒಣಗಿದ್ರೆ ಊರು ಮತ್ತೆ ಬೋರಿಗೆ ಹೋಗುತ್ತೆ. ಮೂಳೆಯ ಲೆಕ್ಕ ಅಲ್ಲಿಂದ ಮತ್ತೆ ಶುರು.

ಹಾಗಾದ್ರೆ ನಾವೇನು ಮಾಡಬಹುದು? 2019ರಲ್ಲಿ ಶುರುವಾದ ಜಲಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆ ಕಲಿಸಬೇಕು ಅಂತಿದೆ. ಪರೀಕ್ಷೆಯ ಕಿಟ್‌ನಲ್ಲಿ ಫ್ಲೋರೈಡ್ ಕೂಡ ನೋಡಬಹುದು. ನಿಮ್ಮೂರಲ್ಲಿ ಆ ಐವರು ಯಾರು ಅಂತ ಪಂಚಾಯಿತಿಯಲ್ಲಿ ಕೇಳಿ. ನಿಮ್ಮ ಓಣಿಯ ಬೋರಿನ ಅಂಕಿ ಎಷ್ಟು ಅಂತ ಕೇಳಿ, ಸಿಕ್ಕಿದ್ರೆ ಫೋಟೋ ಹೊಡೆದು ಊರಿನ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿ. ಆ ಅಂಕಿಯನ್ನ ಶಾಲೆಯ ಮೇಷ್ಟ್ರಿಗೂ ತೋರಿಸಿ, ಆಶಾ ಕಾರ್ಯಕರ್ತೆಗೂ ತೋರಿಸಿ, ನೀರು ಬಿಡೋ ವಾಟರ್‌ಮನ್‌ಗೂ ತೋರಿಸಿ. ಮೂವರೂ ಒಂದೇ ಚೀಟಿ ನೋಡಿದ ದಿನ ನಿಮ್ಮೂರಲ್ಲಿ ಕೆಲಸ ಅರ್ಧ ಶುರುವಾದ ಹಾಗೆ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.