ನೀಲಿ ಮಕ್ಕಳ ವೈದ್ಯೆ ಡಾ. ಹೆಲೆನ್ ಟಾಸಿಗ್

ಕೆಲವು ಮಕ್ಕಳು ಹುಟ್ಟಿದ ಸ್ವಲ್ಪ ದಿನಗಳಲ್ಲೇ ತುಟಿ, ಉಗುರು ನೀಲಿಗಟ್ಟಿದಂತೆ ಕಾಣುತ್ತಾರೆ. ಹಾಲು ಕುಡಿಯುವಾಗ ಏದುಸಿರು ಬಿಡುತ್ತಾರೆ. ನಡೆಯಲು ಕಲಿತ ಮೇಲೆ ನಾಲ್ಕು ಹೆಜ್ಜೆ ಇಟ್ಟು ಕುಕ್ಕರುಗಾಲಿನಲ್ಲಿ ಕುಳಿತುಬಿಡುತ್ತಾರೆ. 1944ರವರೆಗೆ ಇಂಥ ಮಕ್ಕಳಿಗೆ ಮಾಡಬಹುದಾದ ಶಸ್ತ್ರಚಿಕಿತ್ಸೆಯೇ ಇರಲಿಲ್ಲ. ದಾರಿ ತೋರಿಸಿದವರು ಅಮೆರಿಕದ ಡಾ. ಹೆಲೆನ್ ಬ್ರೂಕ್ ಟಾಸಿಗ್.

1898ರ ಮೇ 24ರಂದು ಮಸಾಚುಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಹುಟ್ಟಿದ ಹೆಲೆನ್ ಹನ್ನೊಂದನೇ ವಯಸ್ಸಿನಲ್ಲಿ ಕ್ಷಯರೋಗದಿಂದ ತಾಯಿಯನ್ನು ಕಳೆದುಕೊಂಡರು. ಅಕ್ಷರ ಕೂಡಿಸಿ ಓದುವುದೇ ಅವರಿಗೆ ಕಷ್ಟವಿತ್ತು. ತಂದೆ ಕೂತು ಕಲಿಸಿದರು. ಹಾರ್ವರ್ಡ್ ವೈದ್ಯ ಶಾಲೆ ಆಗ ಮಹಿಳೆಯರಿಗೆ ಪದವಿ ಕೊಡುತ್ತಿರಲಿಲ್ಲ. ಹೀಗಾಗಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಸೇರಿ 1927ರಲ್ಲಿ ವೈದ್ಯರಾದರು. 1930ರಲ್ಲಿ ಅಲ್ಲಿನ ಮಕ್ಕಳ ಹೃದಯ ಚಿಕಿತ್ಸಾಲಯದ ಹೊಣೆ ಸಿಕ್ಕಿತು. ಅಷ್ಟರಲ್ಲಿ ಕಿವಿ ಮಂದವಾಗತೊಡಗಿತ್ತು. ಸ್ಟೆತಾಸ್ಕೋಪನ್ನೇ ನಂಬುವ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ತೊಡಕು ಬೇರೆ ಏನಿದೆ? ಅವರು ಮಗುವಿನ ಎದೆಯ ಮೇಲೆ ಬೆರಳಿಟ್ಟು ಹೃದಯದ ಮಿಡಿತವನ್ನು ಓದಲು ಕಲಿತರು. ಫ್ಲೋರೋಸ್ಕೋಪ್ ಎಂಬ ಎಕ್ಸ್‌ರೇ ಯಂತ್ರದಲ್ಲಿ ಹೃದಯದ ಆಕಾರವನ್ನು ನಾನಾ ಕೋನಗಳಿಂದ ನೋಡಿದರು. ತೀರಿಕೊಂಡ ಮಕ್ಕಳ ಹೃದಯದ ಜತೆ ಅದನ್ನು ಹೋಲಿಸಿ ಟಿಪ್ಪಣಿ ಮಾಡಿದರು.

ನೀಲಿ ಮಕ್ಕಳಲ್ಲಿ ಅನೇಕರಿಗೆ ಇರುವ ದೋಷಕ್ಕೆ 'ಟೆಟ್ರಾಲಜಿ ಆಫ್ ಫ್ಯಾಲೋ' ಎಂದು ಹೆಸರು. ಹೃದಯದ ಕೆಳಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರ, ಶ್ವಾಸಕೋಶಕ್ಕೆ ಹೋಗುವ ದಾರಿ ಕಿರಿದಾಗಿರುವುದು, ಮಹಾಪಧಮನಿ ಸ್ಥಾನ ತಪ್ಪಿರುವುದು, ಬಲಕೋಣೆಯ ಸ್ನಾಯು ದಪ್ಪವಾಗಿರುವುದು ಇದರ ಲಕ್ಷಣ. ಸಾಕಷ್ಟು ರಕ್ತ ಶ್ವಾಸಕೋಶಕ್ಕೆ ಹೋಗದೆ, ಆಮ್ಲಜನಕವಿಲ್ಲದ ರಕ್ತವೇ ಮೈಯೆಲ್ಲ ಹರಿಯುತ್ತದೆ.

ಟಾಸಿಗ್ ಒಂದು ಸಂಗತಿ ಗಮನಿಸಿದರು. ಗರ್ಭದಲ್ಲಿರುವಾಗ ಮಹಾಪಧಮನಿಗೂ ಶ್ವಾಸಕೋಶದ ಅಪಧಮನಿಗೂ ನಡುವೆ ಒಂದು ಸಣ್ಣ ನಾಳ ಇರುತ್ತದೆ. ಹುಟ್ಟಿದ ಮೇಲೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಅದು ಮುಚ್ಚುತ್ತಿದ್ದಂತೆ ನೀಲಿ ಮಕ್ಕಳ ಸ್ಥಿತಿ ಬಿಗಡಾಯಿಸುತ್ತಿತ್ತು, ತೆರೆದೇ ಉಳಿದವರು ತುಸು ಚೆನ್ನಾಗಿರುತ್ತಿದ್ದರು. ಹಾಗಾದರೆ ಅಂಥದೊಂದು ನಾಳವನ್ನು ನಾವೇ ಮಾಡಿಕೊಟ್ಟರೆ? 1938ರಲ್ಲಿ ಈ ನಾಳವನ್ನು ಕಟ್ಟಿ ಹೆಸರು ಮಾಡಿದ್ದ ಬೋಸ್ಟನ್‌ನ ಡಾ. ರಾಬರ್ಟ್ ಗ್ರಾಸ್ ಅವರನ್ನು ಕೇಳಿದರು. ಅವರು ಆಸಕ್ತಿ ತೋರಲಿಲ್ಲ. 1941ರಲ್ಲಿ ಹಾಪ್‌ಕಿನ್ಸ್‌ಗೆ ಬಂದ ಶಸ್ತ್ರವೈದ್ಯ ಆಲ್ಫ್ರೆಡ್ ಬ್ಲೇಲಾಕ್ ಒಪ್ಪಿದರು.

ಇಲ್ಲಿ ಮರೆಯಬಾರದ ಇನ್ನೊಂದು ಹೆಸರು ವಿವಿಯನ್ ಥಾಮಸ್. ಬ್ಲೇಲಾಕ್ ಅವರ ಪ್ರಯೋಗಾಲಯದ ಈ ಕಪ್ಪು ಜನಾಂಗದ ಸಹಾಯಕನಿಗೆ ವೈದ್ಯಪದವಿ ಇರಲಿಲ್ಲ. ನಾಯಿಗಳ ಮೇಲೆ ತಿಂಗಳುಗಟ್ಟಲೆ ಪ್ರಯೋಗ ಮಾಡಿ ತೋಳಿಗೆ ಹೋಗುವ ಅಪಧಮನಿಯನ್ನು ಶ್ವಾಸಕೋಶದ ಅಪಧಮನಿಗೆ ಹೊಲಿಯುವ ಕ್ರಮವನ್ನು ಸಿದ್ಧಪಡಿಸಿದ್ದು ಇವರೇ. 1944ರ ನವೆಂಬರ್ 29ರಂದು 15 ತಿಂಗಳ ಹೆಣ್ಣುಮಗುವಿಗೆ ಮೊದಲ ಶಸ್ತ್ರಚಿಕಿತ್ಸೆ ನಡೆದಾಗ ಥಾಮಸ್ ಬ್ಲೇಲಾಕ್ ಬೆನ್ನ ಹಿಂದೆ ನಿಂತು ಹೇಳಿಕೊಡುತ್ತಿದ್ದರು. ಆ ಮಗು ಚೇತರಿಸಿಕೊಂಡರೂ ಕೆಲವು ತಿಂಗಳಲ್ಲಿ ತೀರಿಕೊಂಡಿತು. ಮೂರನೆಯ ರೋಗಿ ಆರು ವರ್ಷದ ಹುಡುಗ. ಅವನ ತುಟಿ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಕೆಂಪಾಯಿತು! 1945ರಲ್ಲಿ ವರದಿ ಪ್ರಕಟವಾದಾಗ ಬ್ಲೇಲಾಕ್, ಟಾಸಿಗ್ ಹೆಸರುಗಳಿದ್ದವು, ಥಾಮಸ್ ಹೆಸರಿರಲಿಲ್ಲ. ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು 1976ರಲ್ಲಿ.

ಟಾಸಿಗ್ ಅವರ ಮತ್ತೊಂದು ಕೆಲಸ ಥಾಲಿಡೋಮೈಡ್ ಕುರಿತಾದದ್ದು. ಗರ್ಭಿಣಿಯರು ನುಂಗಿದ ಈ ಮಾತ್ರೆಯಿಂದ ಕೈಕಾಲು ಬೆಳೆಯದ ಶಿಶುಗಳು ಹುಟ್ಟುತ್ತಿವೆ ಎಂದು ತಿಳಿದು 1962ರಲ್ಲಿ ಜರ್ಮನಿಗೆ ಹೋಗಿ ಕಣ್ಣಾರೆ ನೋಡಿ ಬಂದರು, ಔಷಧ ನಿಯಂತ್ರಣ ಬಿಗಿಯಾಗಬೇಕೆಂದು ವಾದಿಸಿದರು. 1965ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ಗೆ ಮೊದಲ ಮಹಿಳಾ ಅಧ್ಯಕ್ಷೆಯಾದರು. 1986ರ ಮೇ 20ರಂದು ಕಾರು ಅಪಘಾತದಲ್ಲಿ ನಿಧನರಾದರು.

ಈಗ ಇಂಥ ಹೃದಯವನ್ನು ಹಸುಗೂಸಿನಲ್ಲೇ ಪೂರ್ತಿ ಸರಿಪಡಿಸಬಹುದು. ತೀರಾ ಎಳೆಯ ಮಗುವಾದರೆ ಮೊದಲು ಕೃತಕ ಕೊಳವೆಯಿಂದ ಟಾಸಿಗ್ ಅವರ ಉಪಾಯವನ್ನೇ ಮಾಡುವುದುಂಟು. ನಮ್ಮ ಗಡಿಭಾಗದವರು ಗಮನಿಸಬೇಕಾದದ್ದು ಇಷ್ಟು: 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ, ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ತಪಾಸಣೆ ನಡೆಯುತ್ತದೆ, ಹೃದಯದೋಷವೂ ಅದರ ಪಟ್ಟಿಯಲ್ಲಿದೆ. ಕೇರಳದಲ್ಲಿ 2017ರಿಂದ 'ಹೃದ್ಯಂ' ಎಂಬ ಪ್ರತ್ಯೇಕ ಯೋಜನೆಯಿದೆ. ಮಗುವಿನ ತುಟಿ, ನಾಲಗೆ ನೀಲಿಯಾಗಿ ಕಂಡರೆ ದೃಷ್ಟಿ ತೆಗೆಸುತ್ತಾ ಕೂರದೆ ಅದೇ ದಿನ ಮಕ್ಕಳ ವೈದ್ಯರಿಗೆ ತೋರಿಸಿ.