ಹತ್ತಿ ನಮ್ಮದು, ಹೆಸರು ಕುಮಟಾದ್ದು

ಹತ್ತಿ ಬಿಡಿಸೋದು ಮುಗಿದು ಹೊಲ ಖಾಲಿ ಆದ ಮ್ಯಾಲೆ ನಾವು ನಾಲ್ಕು ಮಂದಿ ಒಂದಿನ ಕುಮಟಾಕ್ಕ ಹೋಗಿದ್ವಿ. ಗೋಕರ್ಣ, ಮುರ್ಡೇಶ್ವರಕ್ಕ ಹೋಗೋರು ಅಲ್ಲಿ ಚಾ ಕುಡಿದು ಮುಂದ ಹೋಗ್ತಾರ. ನಾನು ಮಾತ್ರ ಕುಮಟಾನೇ ನೋಡಬೇಕು ಅಂತ ಹಠ ಹಿಡಿದಿದ್ದೆ. ಯಾಕಂದ್ರ, ನಮ್ಮ ಧಾರವಾಡ ಸೀಮೆಯ ಎರಿ ಹೊಲದ ಜವಾರಿ ಹತ್ತಿಗೆ ವ್ಯಾಪಾರಸ್ಥರು ಇಟ್ಟಿದ್ದ ಹೆಸರು 'ಕುಮಟಾ ಹತ್ತಿ'. ಕುಮಟಾದಾಗ ಹತ್ತಿ ಬೆಳೆಯೋದಿಲ್ಲ, ಅಲ್ಲಿಂದ ಹಡಗು ಏರ್ತಿತ್ತು ಅಷ್ಟ.

ಹುಬ್ಬಳ್ಳಿಯಿಂದ ಶಿರಸಿ, ದೇವಿಮನೆ ಘಟ್ಟ ಇಳಿದರೆ ಸುಮಾರು 160 ಕಿ.ಮೀ. ನಮಗೆ ನಾಲ್ಕು ತಾಸಿನ ದಾರಿ. ಚಕ್ಕಡಿ ದಿನಕ್ಕ 20-25 ಕಿ.ಮೀ. ನಡೀತು ಅಂತ ಹಿಡಿದರೂ ಒಂದು ವಾರ ಬೇಕು. ಘಟ್ಟಕ್ಕ ಚಕ್ಕಡಿ ದಾರಿ ಆಗೋಕ್ಕಿಂತ ಮೊದಲು ಹೇರೆತ್ತಿನ ಮ್ಯಾಲೆ ಹೋಗ್ತಿತ್ತು. ಬರುವಾಗ ಉಪ್ಪು, ತೆಂಗಿನಕಾಯಿ ಹೇರಿಕೊಂಡು ಬರೋದು.

ಬಂದರಿನ ದಂಡಿಗೆ ನಿಂತು ನೋಡಿದರ ಇನ್ನೊಂದು ತ್ರಾಸು ಗೊತ್ತಾಗ್ತದ. ದೊಡ್ಡ ಹಡಗು ದಂಡಿಗೆ ಬರುವಂಥ ಜಾಗ ಅಲ್ಲ ಅದು. ಹತ್ತಿ ಅಂಡಗಿಗಳನ್ನ ಸಣ್ಣ ದೋಣಿಯಾಗ ಒಯ್ದು, ದೂರ ನಿಂತ ಹಡಗಿಗೆ ಏರಿಸಬೇಕು. ಮಳಿಗಾಲದಾಗ ಅದೂ ಬಂದ್. ಮಿರಗ ಕೂಡೋದ್ರೊಳಗ ಮಾಲು ಮುಟ್ಟಬೇಕು.

1861ರಲ್ಲಿ ಅಮೆರಿಕಾದಾಗ ಅಂತರ್ಯುದ್ಧ ಶುರುವಾಯ್ತು. ದಕ್ಷಿಣದ ರಾಜ್ಯಗಳ ಬಂದರುಗಳನ್ನ ಉತ್ತರದವರು ಮುಚ್ಚಿಸಿದರು. ಇಂಗ್ಲೆಂಡಿನ ಲ್ಯಾಂಕಶೈರ್ ಗಿರಣಿಗಳಿಗೆ ಹತ್ತಿ ಇಲ್ಲದಂಗಾತು. ಅವರ ಕಣ್ಣು ನಮ್ಮ ಹೊಲದ ಮ್ಯಾಲೆ ಬಿತ್ತು, ರೇಟು ಆಕಾಶಕ್ಕೇರಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನ ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬೈ ಪ್ರಾಂತಕ್ಕ ಸೇರಿಸಿದರು. ಹತ್ತಿ ಸಾಗಿಸೋ ದಾರಿ, ಬಂದರು ತಮ್ಮ ಕೈಯಾಗ ಇರಲಿ ಅಂತ ಮುಂಬೈ ವ್ಯಾಪಾರಸ್ಥರು ಪಟ್ಟು ಹಿಡಿದದ್ದು ಇದಕ್ಕೊಂದು ದೊಡ್ಡ ಕಾರಣ. ಹತ್ತಿಯೊಳಗ ಕಲಬೆರಕಿ ಎಷ್ಟು ಹೆಚ್ಚಾತು ಅಂದ್ರ, 1863ರಲ್ಲಿ ಅದನ್ನ ತಡಿಯಾಕ ಕಾಯ್ದೆನೇ ತಂದರು.

1865ರಲ್ಲಿ ಯುದ್ಧ ಮುಗೀತು. ರೇಟು ಕುಸೀತು, ಮುಂಬೈಯಾಗ ಎಷ್ಟೋ ಸಾಹುಕಾರರು ದಿವಾಳಿ ಎದ್ದರು. ಹತ್ತು ವರ್ಷ ಕಳೆದು 1876-78ರ ಭೀಕರ ಬರ ನಮ್ಮ ಸೀಮೆಗೆ ಬಂತು. ಹತ್ತಿ ಮಾರಿ ರೊಕ್ಕ ಬರಬಹುದು, ಆದರ ಹಗೇದಾಗ ಜೋಳ ಇಲ್ಲದ ಮನಿಗೆ ಆ ರೊಕ್ಕ ಎಷ್ಟು ದಿನ?

ಕುಮಟಾದ ಪಾಳಿ ಆಮೇಲೆ ಬಂತು. 1880ರ ದಶಕದಾಗ ಹುಬ್ಬಳ್ಳಿಗೆ ರೈಲು ಬಂತು, ಅದು ಗೋವಾದ ಮಾರ್ಮಗೋವಾ ಬಂದರಿಗೆ ಕೂಡಿತು. ಹತ್ತಿ ಘಟ್ಟ ಇಳಿಯೋದು ಕಡಿಮಿ ಆತು. ಬಂದರು ಸೊರಗಿತು, ಹತ್ತಿಗೆ ಹೆಸರು ಮಾತ್ರ ಉಳೀತು. ನಮ್ಮ ಅಪ್ಪಂದಿರು ಬಿತ್ತುತ್ತಿದ್ದ ಜಯಧರ ತಳಿ ಅದೇ ಕುಮಟಾ ಹತ್ತಿಯ ಸಂತಾನ.

ಮಧ್ಯಾಹ್ನ ಮಿರ್ಜಾನ ಕೋಟೆಗೆ ಹೋದ್ವಿ. ಅಘನಾಶಿನಿ ಹೊಳಿ ಹತ್ತಿರ, ಕೆಂಪು ಚಿರೆಕಲ್ಲಿನ ಕೋಟೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಹೆಸರು ಇದರ ಜೋಡಿ ಹೇಳ್ತಾರ. ಪೋರ್ಚುಗೀಸರು ಆಕಿಗೆ 'ಕಾಳುಮೆಣಸಿನ ರಾಣಿ' ಅಂತಿದ್ದರು. ಹತ್ತಿಗಿಂತ ಮುಂಚೆ ಈ ದಂಡಿಗೆ ಹಡಗು ಕರೆಸಿದ್ದು ಘಟ್ಟದ ರೈತರ ಆ ಮೆಣಸು. ಬೆಳೆದವರ ಹೆಸರು ಅಲ್ಲೂ ಎಲ್ಲೂ ಇಲ್ಲ.

ಹೆದ್ದಾರಿ ಬಾಜೂ ಅಳ್ವೇಕೋಡಿಯಾಗ ಸಿಹಿ ಈರುಳ್ಳಿ ಗೊಂಚಲು ತೂಗುಹಾಕಿ ಮಾರ್ತಿದ್ದರು. ನಾಲ್ಕು ಗೊಂಚಲು ತಗೊಂಡೆ. ಬೆಳೆದ ನೆಲದ ಹೆಸರಿನಾಗೇ, ಆ ನೆಲದ ಬಾಜೂನೇ ಮಾರಾಟ. ನಮ್ಮ ಮೆಣಸಿನಕಾಯಿ ಇವತ್ತೂ ಬ್ಯಾಡಗಿ ಪೇಟೆ ಹೆಸರಿನಾಗ ಹೋಗ್ತದ, ಹತ್ತಿ ಯಾರದೋ ಕಂಪನಿ ಬೀಜದ ಹೆಸರಿನಾಗ.

ನಿಮ್ಮ ಮನಿಯಾಗ ಮುತ್ತ್ಯಾನ ಕಾಲದ ಚಕ್ಕಡಿ ಲೆಕ್ಕ, ಘಟ್ಟದ ದಾರಿ ಕಥಿ ಗೊತ್ತಿದ್ದ ಹಿರಿಯರು ಇದ್ದರ ಕೇಳಿ ಬರೆದಿಡ್ರಿ. ಬಂದರಿನ ಲೆಕ್ಕ ಸರ್ಕಾರಿ ದಫ್ತರದಾಗ ಸಿಗ್ತದ, ನಮ್ಮ ಲೆಕ್ಕ ಅವರ ಬಾಯಾಗ ಮಾತ್ರ ಅದ.